ನೋಡುವುದು ಕಣ್ಣಲ್ಲ, ಮೆದುಳು

ಕೇಳುಗರಿಗೆ ನಮಸ್ಕಾರ. ನಾನು ಕೋಲಾರದಲ್ಲಿ ಕಣ್ಣಿನ ವೈದ್ಯ. ಇವತ್ತು ಹೇಳಬೇಕಿರುವುದು ಒಂದೇ ಮಾತು. ನೋಡುವುದು ಕಣ್ಣಲ್ಲ, ಮೆದುಳು.

ಕಣ್ಣೊಳಗಿನ ಪರದೆಯ ಮೇಲೆ ಬೀಳುವ ಚಿತ್ರ ತಲೆಕೆಳಗು. ಅದು ಚಿತ್ರವಾಗಿ ಮುಂದಕ್ಕೆ ಹೋಗುವುದೂ ಇಲ್ಲ. ಸುಮಾರು 10 ಲಕ್ಷ ನರದ ಎಳೆಗಳಲ್ಲಿ ವಿದ್ಯುತ್ ಮಿಡಿತವಾಗಿ ಹೊರಟು ತಲೆಯ ಹಿಂಭಾಗ ಸೇರುತ್ತದೆ. ಮಲಗಿದಾಗ ದಿಂಬಿಗೆ ತಾಗುತ್ತಲ್ಲ, ಅಲ್ಲಿ. ಇದು ಹಸು, ಇದು ಬಸ್ಸು ಅಂತ ತೀರ್ಮಾನಿಸುವುದು ಮೆದುಳು. ಕಣ್ಣಿಂದ ಬಂದ ಸುದ್ದಿ ಸಾಲದಿದ್ದರೆ ಉಳಿದದ್ದನ್ನು ತಾನೇ ತುಂಬುತ್ತದೆ.

ಮುಳಬಾಗಿಲು ಕಡೆಯಿಂದ ಒಬ್ಬ ಅಜ್ಜಿಯನ್ನು ಕರೆತಂದಿದ್ದರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣಿನ ಪರದೆ ಹಾಳಾಗಿತ್ತು. ಕೊರಳಲ್ಲಿ ಮೂರು ತಾಯತ. ಸಂಜೆಯಾದರೆ ಜಗಲಿ ಮೇಲೆ ಹೆಣ್ಣುಮಕ್ಕಳು ಸಾಲಾಗಿ ಬಂದು ಕೂರುತ್ತಾರಂತೆ, ಕೇಸರಿ ಲಂಗ, ಜಡೆಗೆ ಕನಕಾಂಬರ. ಮನೆಯವರು ಗಾಳಿ ಸೋಕಿದೆ ಅಂತ ಊರೂರು ಅಲೆದಿದ್ದಾರೆ.

"ಮಾತಾಡ್ತಾರಾ ಅಜ್ಜಿ?" ಅಂದೆ.

"ಇಲ್ಲ ಸ್ವಾಮಿ, ಕರೆದರೂ ತಿರುಗಲ್ಲ."

"ನಿಜವಾದ ಮಕ್ಕಳಾ?"

"ಅಲ್ಲ ಅಂತ ನಂಗೂ ಗೊತ್ತು. ಮೊಮ್ಮಗನ ಮುಖ ಮಂಜು ಮಂಜು, ಆ ಲಂಗದ ಅಂಚು ಮಾತ್ರ ಚೆನ್ನಾಗಿ ಕಾಣುತ್ತೆ. ನಂಗೆ ತಲೆ ಕೆಟ್ಟಿದೆಯಾ ಡಾಕ್ಟ್ರೇ?"

ಕೆಟ್ಟಿರಲಿಲ್ಲ. ಜಿನೀವಾದ ಚಾರ್ಲ್ಸ್ ಬಾನೆ ಎಂಬ ವಿಜ್ಞಾನಿ 1760ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಪೊರೆಯಿಂದ ಕಣ್ಣು ಮಂಜಾಗಿದ್ದ ಅವನ ತಾತನಿಗೂ ಇಲ್ಲದ ಜನ, ಹಕ್ಕಿ, ಗಾಡಿ ಕಾಣುತ್ತಿದ್ದವು. ಕಣ್ಣಿಂದ ಸುದ್ದಿ ಬರುವುದು ಕಡಿಮೆಯಾದರೆ ಮೆದುಳಿನ ನೋಡುವ ಭಾಗ ಸುಮ್ನೆ ಕೂರುವುದಿಲ್ಲ, ತಾನೇ ಚಿತ್ರ ಕಟ್ಟುತ್ತದೆ. ಇಷ್ಟು ತಿಳಿಸಿ ಹೇಳಿದ್ದಕ್ಕೇ ಅಜ್ಜಿಯ ಅರ್ಧ ಭಯ ಹೋಯಿತು. ದಯವಿಟ್ಟು ಕೇಳಿ, ನಿಮ್ಮ ಮನೆಯ ಹಿರಿಯರು ಹೀಗೆ ಹೇಳಿದರೆ ಬೈಯಬೇಡಿ, ತಾಯತ ಕಟ್ಟಿಸಿ ತಿಂಗಳುಗಟ್ಟಲೆ ಕಾಯಬೇಡಿ. ಮೊದಲು ಕಣ್ಣು ತೋರಿಸಿ. ಎಷ್ಟು ಸಲ ಹೇಳುವುದು!

ಕಿವಿ, ಚರ್ಮ, ಮೂಗಿನ ಕಥೆಯೂ ಇದೇ. ಅದಕ್ಕೆಲ್ಲ ಈಗ ಹೊತ್ತಿಲ್ಲ.

ನಂಬಿಕೆ ಬರಲಿಲ್ವಾ? ಗೆರೆ ಹಾಕಿದ ನೋಟ್‌ಬುಕ್ಕಿನ ಒಂದು ಗೆರೆಯ ಮೇಲೆ ಎಡಕ್ಕೊಂದು ಪ್ಲಸ್, ನಾಲ್ಕು ಬೆರಳು ಬಲಕ್ಕೆ ದಪ್ಪ ಚುಕ್ಕಿ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿಂದ ಪ್ಲಸ್ಸನ್ನೇ ನೋಡುತ್ತಾ ಪುಸ್ತಕವನ್ನು ನಿಧಾನಕ್ಕೆ ಹತ್ತಿರ ತನ್ನಿ. ಒಂದು ಅಡಿ ದೂರದ ಆಸುಪಾಸು ಚುಕ್ಕಿ ಮಾಯವಾಗುತ್ತದೆ. ಆಗ ಚುಕ್ಕಿಯ ಚಿತ್ರ ಬೀಳುವುದು ಕಣ್ಣಿಂದ ನರ ಹೊರಡುವ ಜಾಗದ ಮೇಲೆ, ಅಲ್ಲಿ ಬೆಳಕು ಹಿಡಿಯುವ ಕಣವೇ ಇಲ್ಲ. ಆದರೂ ಪುಟದಲ್ಲಿ ತೂತು ಕಾಣುವುದಿಲ್ಲ, ಗೆರೆ ಮುಂದುವರಿದಿರುತ್ತದೆ. ಆ ಗೆರೆ ಎಳೆದವರು ಯಾರು? ಮೆದುಳು. ಇವತ್ತೇ ಮಾಡಿ ನೋಡಿ. ನಮಸ್ಕಾರ.