ತಾತ್ಕಾಲಿಕ ಮಾರ್ಗ ಕಾಯಂ ಆಗುವ ಮುನ್ನ

ಕೇಳುಗರಿಗೆ ನಮಸ್ಕಾರ.

ನಗರ ಸಾರಿಗೆಯ ಬಸ್ಸೊಂದರ ಮಾರ್ಗವನ್ನು ಶಾಶ್ವತವಾಗಿ ಬದಲಾಯಿಸುವ ಮೊದಲು ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸುವ ಕ್ರಮದ ಕುರಿತು ಇಂದು ಮಾತನಾಡಲಿದ್ದೇನೆ. ಹೊಸ ಮಾರ್ಗವನ್ನು ಆರಂಭಿಸುವಾಗ ನಡೆಯುವ ಸಮಾಲೋಚನೆಗಿಂತ ಇದು ಭಿನ್ನವಾದದ್ದು. ಏಕೆಂದರೆ ಅನೇಕ ಸಂದರ್ಭಗಳಲ್ಲಿ ಬದಲಾವಣೆ ಆಗಲೇ ಆಗಿಹೋಗಿರುತ್ತದೆ. ರಸ್ತೆ ಅಗೆಯುವ ಕೆಲಸವೆಂದೋ, ಸೇತುವೆ ದುರಸ್ತಿಯೆಂದೋ, ಒಳಚರಂಡಿ ಕಾಮಗಾರಿಯೆಂದೋ ಬಸ್ಸನ್ನು ಪಕ್ಕದ ದೊಡ್ಡ ರಸ್ತೆಗೆ ತಿರುಗಿಸುತ್ತಾರೆ. ನಿಲ್ದಾಣದಲ್ಲಿ ‘ತಾತ್ಕಾಲಿಕ ಮಾರ್ಗ ಬದಲಾವಣೆ’ ಎಂಬ ಪ್ರಕಟಣೆ ಕಾಣಿಸಿಕೊಳ್ಳುತ್ತದೆ. ಕಾಮಗಾರಿ ಮುಗಿದ ಮೇಲೂ ಬಸ್ಸು ಹಳೆಯ ರಸ್ತೆಗೆ ಮರಳುವುದಿಲ್ಲ. ಕೊನೆಗೊಂದು ದಿನ, ಸದ್ಯದ ಮಾರ್ಗವನ್ನೇ ಕಾಯಂಗೊಳಿಸಲು ಉದ್ದೇಶಿಸಲಾಗಿದೆ, ಆಕ್ಷೇಪಣೆಗಳಿದ್ದಲ್ಲಿ ನಿಗದಿತ ದಿನಾಂಕದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂಬ ಇನ್ನೊಂದು ಪ್ರಕಟಣೆ ಹೊರಬೀಳುತ್ತದೆ.

ಈ ಎರಡನೆಯ ಪ್ರಕಟಣೆಯನ್ನು ಎಲ್ಲಿ ಅಂಟಿಸುತ್ತಾರೆ ಎಂಬುದನ್ನು ಗಮನಿಸಬೇಕು. ಸಾಮಾನ್ಯವಾಗಿ ಅದು ಬಸ್ಸು ಈಗ ನಿಲ್ಲುವ ನಿಲ್ದಾಣಗಳಲ್ಲಿ ಮತ್ತು ಬಸ್ಸಿನ ಒಳಗೆ ಇರುತ್ತದೆ. ಬದಲಾದ ಮಾರ್ಗ ಯಾರಿಗೆ ಒಗ್ಗಿಹೋಗಿದೆಯೋ ಅವರ ಕಣ್ಣಿಗೆ ಅದು ಚೆನ್ನಾಗಿ ಬೀಳುತ್ತದೆ. ಹಳೆಯ ರಸ್ತೆಯಲ್ಲಿ ಬಸ್ಸಿಗಾಗಿ ಕಾಯುವುದನ್ನೇ ಬಿಟ್ಟವರು ಆ ಪ್ರಕಟಣೆಯನ್ನು ಓದುವುದು ಹೇಗೆ? ಅವರಲ್ಲಿ ಕೆಲವರು ಬೇರೆ ವಾಹನ ಹಿಡಿದಿರುತ್ತಾರೆ, ಕೆಲವರು ಕೆಲಸದ ಜಾಗವನ್ನೇ ಬದಲಿಸಿರುತ್ತಾರೆ, ಇನ್ನು ಕೆಲವರು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿರುತ್ತಾರೆ. ಇಂಥ ಸಮಾಲೋಚನೆ ಬಸ್ಸು ಹತ್ತುವುದನ್ನು ಬಿಟ್ಟವರಿಂದ ಆರಂಭವಾಗಬೇಕು ಎಂಬುದೇ ನಾನು ಇಂದು ಮುಖ್ಯವಾಗಿ ಹೇಳಬಯಸುವ ಮಾತು.

ಮೊದಲು ಸಾರಿಗೆ ಸಂಸ್ಥೆಯ ವಾದವನ್ನು ನ್ಯಾಯವಾಗಿ ಮುಂದಿಡೋಣ. ಒಂದು ಬಸ್ಸು ಹೊರಟ ಜಾಗಕ್ಕೆ ಮರಳಿ, ವಿರಾಮದ ಹೊತ್ತೂ ಸೇರಿದಂತೆ, ಮುಂದಿನ ಟ್ರಿಪ್ಪಿಗೆ ಸಿದ್ಧವಾಗಲು 90 ನಿಮಿಷ ಬೇಕು ಎಂದುಕೊಳ್ಳಿ. ಹತ್ತು ನಿಮಿಷಕ್ಕೊಂದು ಬಸ್ಸು ಬಿಡಬೇಕಾದರೆ ಆ ಮಾರ್ಗಕ್ಕೆ 9 ಬಸ್ಸುಗಳು ಸಾಕು. ಹಳೆಯ ಒಳರಸ್ತೆಯಲ್ಲಿ ಹೋದರೆ ಹೋಗುವಾಗ ಐದು, ಬರುವಾಗ ಐದು, ಒಟ್ಟು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ ಎಂದಾದರೆ ಅದೇ ಅಂತರವನ್ನು ಕಾಯ್ದುಕೊಳ್ಳಲು 10 ಬಸ್ಸುಗಳು ಬೇಕಾಗುತ್ತವೆ. ಹತ್ತನೆಯ ಬಸ್ಸು ಎಂದರೆ ಬರಿಯ ವಾಹನವಲ್ಲ. ಎರಡು ಪಾಳಿಗಳ ಸಿಬ್ಬಂದಿ, ವಾರದ ರಜೆಗೆ ಬದಲಿ ಚಾಲಕರು, ಇಂಧನ, ಡಿಪೊದಲ್ಲಿ ಜಾಗ ಎಲ್ಲವೂ ಅದರೊಡನೆ ಬರುತ್ತವೆ. ಅಷ್ಟು ಒದಗಿಸಲಾಗದಿದ್ದರೆ ಬಸ್ಸುಗಳ ನಡುವಿನ ಅಂತರ ಹನ್ನೊಂದು ನಿಮಿಷವನ್ನು ದಾಟುತ್ತದೆ, ಆಗ ಮಾರ್ಗದ ಪ್ರತಿಯೊಂದು ನಿಲ್ದಾಣದಲ್ಲೂ ಜನ ಹೆಚ್ಚು ಕಾಯಬೇಕಾಗುತ್ತದೆ. ಆದ್ದರಿಂದ ಸಂಸ್ಥೆ ನೇರ ರಸ್ತೆಯನ್ನೇ ಇಷ್ಟಪಡುವುದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ.

ಆದರೆ ಈ ಲೆಕ್ಕವನ್ನು ಮುಂದುವರಿಸುವ ರೀತಿಯಲ್ಲಿ ತೊಡಕಿದೆ. ದಿನಕ್ಕೆ 5,000 ಪ್ರಯಾಣಗಳಲ್ಲಿ ತಲಾ ಐದು ನಿಮಿಷ ಉಳಿದರೆ 25,000 ನಿಮಿಷಗಳ ಉಳಿತಾಯ. ಹಳೆಯ ರಸ್ತೆಯ 300 ಪ್ರಯಾಣಗಳಲ್ಲಿ ತಲಾ ಎಂಟು ನಿಮಿಷ ಹೆಚ್ಚು ನಡೆಯಬೇಕಾದರೆ 2,400 ನಿಮಿಷಗಳ ನಷ್ಟ. ಇವು ನಾನು ಉದಾಹರಣೆಗಾಗಿ ಹಾಕಿಕೊಂಡ ಅಂಕಿಗಳು, ಆದರೆ ವರದಿಗಳಲ್ಲಿ ವಾದ ನಡೆಯುವುದು ಇದೇ ಧಾಟಿಯಲ್ಲಿ. ಕಾಗದದ ಮೇಲೆ ಹೊಸ ಮಾರ್ಗ ಸುಲಭವಾಗಿ ಗೆಲ್ಲುತ್ತದೆ. ಕಿಟಕಿಯ ಪಕ್ಕ ಕುಳಿತವನಿಗೆ ಐದು ನಿಮಿಷ ಬೇಗ ತಲುಪಿದ್ದು ಗಮನಕ್ಕೂ ಬರದಿರಬಹುದು. ಮೊಣಕಾಲು ನೋವಿನ ವೃದ್ಧೆಗೆ ಎಂಟು ನಿಮಿಷದ ಹೆಚ್ಚುವರಿ ನಡಿಗೆ ಎಂದರೆ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬ ತೀರ್ಮಾನವೇ ಆಗಬಹುದು. ಈ ಎರಡೂ ನಿಮಿಷಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಇದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ, ಪ್ರಯಾಣವನ್ನೇ ಬಿಟ್ಟವರ ನಷ್ಟ ಈ ಲೆಕ್ಕದಲ್ಲಿ ಸೊನ್ನೆ. ಬದಲಿ ಮಾರ್ಗ ಒಂದೂವರೆ ವರ್ಷ ನಡೆದ ಮೇಲೆ ಎಣಿಕೆ ಮಾಡಿದರೆ ಆ 300 ಪ್ರಯಾಣಗಳ ಬಹುಪಾಲು ಎಣಿಕೆಗೇ ಸಿಗುವುದಿಲ್ಲ. ‘ಜನ ಹೊಂದಿಕೊಂಡಿದ್ದಾರೆ, ದೂರುಗಳು ನಿಂತಿವೆ’ ಎಂದು ಬರೆಯುವುದಕ್ಕೆ ಆಗ ಯಾವ ಅಡ್ಡಿಯೂ ಇರುವುದಿಲ್ಲ.

ಆದುದರಿಂದ ಹೋಲಿಕೆಯ ಆಧಾರ ಬಸ್ಸು ಮೊದಲ ಬಾರಿಗೆ ತಿರುಗಿದ ದಿನದ ಹಿಂದಿನ ಸ್ಥಿತಿಯಾಗಿರಬೇಕು, ಇಂದಿನ ಸ್ಥಿತಿಯಲ್ಲ. ಟಿಕೆಟ್ ಯಂತ್ರಗಳಲ್ಲಿ ನಿಲ್ದಾಣವಾರು ದಾಖಲೆ ಉಳಿದಿದ್ದರೆ, ಕಾರ್ಡಿನ ಬಳಕೆಯ ವಿವರ ಇದ್ದರೆ, ಆ ಪ್ರದೇಶದಲ್ಲಿ ಪಾಸ್ ನವೀಕರಿಸದವರ ಸಂಖ್ಯೆ ಗೊತ್ತಿದ್ದರೆ, ಯಾರು ಎಲ್ಲಿಂದ ಮಾಯವಾದರು ಎಂಬುದರ ಅಂದಾಜು ಸಿಗುತ್ತದೆ. ಇದ್ಯಾವುದೂ ಇಲ್ಲದಿದ್ದರೂ ಆ ಮಾರ್ಗದ ಹಳೆಯ ಚಾಲಕರು ಮತ್ತು ಕಂಡಕ್ಟರುಗಳು ಇದ್ದೇ ಇರುತ್ತಾರೆ. ಬೆಳಗಿನ ಮೊದಲ ಟ್ರಿಪ್ಪಿಗೆ ಯಾವ ನಿಲ್ದಾಣದಲ್ಲಿ ಎಂಥವರು ಹತ್ತುತ್ತಿದ್ದರು ಎಂಬುದನ್ನು ಅವರು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಹೇಳಬಲ್ಲರು. ವಿಚಿತ್ರವೆಂದರೆ, ಅಭಿಪ್ರಾಯ ಕೇಳುವವರ ಪಟ್ಟಿಯಲ್ಲಿ ಅವರನ್ನು ಸೇರಿಸುವುದು ಬಹಳ ಅಪರೂಪ.

ಅಮೆರಿಕದ ಒಂದು ನಿಯಮ ಈ ವಿಷಯದಲ್ಲಿ ಗಮನಾರ್ಹವಾಗಿದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೆಯ ಅಧ್ಯಾಯವನ್ನು ಸಾರಿಗೆಗೆ ಅನ್ವಯಿಸುವ ಬಗ್ಗೆ ಅಲ್ಲಿನ ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯ ಅಂಗವಾದ ಫೆಡರಲ್ ಟ್ರಾನ್ಸಿಟ್ ಅಡ್ಮಿನಿಸ್ಟ್ರೇಷನ್ 2012ರಲ್ಲಿ ಸುತ್ತೋಲೆಯೊಂದನ್ನು ಹೊರಡಿಸಿತು. ಅದರ ಪ್ರಕಾರ ದೊಡ್ಡ ನಗರಗಳ ಸಾರಿಗೆ ಸಂಸ್ಥೆಗಳು ಸೇವೆಯಲ್ಲಿ ದೊಡ್ಡ ಬದಲಾವಣೆ ಮಾಡುವ ಮೊದಲು, ಅದರ ಹೊರೆ ಅಲ್ಪಸಂಖ್ಯಾತ ಜನಾಂಗಗಳ ಮೇಲೂ ಕಡಿಮೆ ಆದಾಯದವರ ಮೇಲೂ ಅತಿಯಾಗಿ ಬೀಳುತ್ತದೆಯೇ ಎಂದು ವಿಶ್ಲೇಷಿಸಬೇಕು. ತಾತ್ಕಾಲಿಕವೆಂದು ಮಾಡಿದ ಬದಲಾವಣೆ ಹನ್ನೆರಡು ತಿಂಗಳನ್ನು ಮೀರಿದರೆ ಅದನ್ನು ಶಾಶ್ವತವೆಂದೇ ಪರಿಗಣಿಸಲಾಗುತ್ತದೆ, ಆಗಲೂ ಈ ವಿಶ್ಲೇಷಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಹೆಸರು ‘ತಾತ್ಕಾಲಿಕ’ ಎಂದಿದ್ದ ಮಾತ್ರಕ್ಕೆ ಕಾಲಮಿತಿ ಇಲ್ಲದೆ ಎಳೆಯಲು ಅವಕಾಶ ಕೊಡದ ಇಂಥ ನಿಯಮ ಎಲ್ಲ ಕಡೆಯೂ ಇರಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಸಮಾಲೋಚನೆಯ ವಿಧಾನಕ್ಕೆ ಬರೋಣ. ಬ್ರಿಟನ್ನಿನಲ್ಲಿ 1985ರ ಪ್ರಕರಣವೊಂದರಲ್ಲಿ ನ್ಯಾಯಾಲಯ ಒಪ್ಪಿದ ನಾಲ್ಕು ಸೂತ್ರಗಳು ಇಂದು ಗನ್ನಿಂಗ್ ಸೂತ್ರಗಳೆಂದು ಪ್ರಸಿದ್ಧವಾಗಿವೆ. ಆ ಪ್ರಕರಣ ಲಂಡನ್ನಿನ ಬ್ರೆಂಟ್ ಪ್ರದೇಶದ ಶಾಲೆಗಳಿಗೆ ಸಂಬಂಧಿಸಿದ್ದು, ಬಸ್ಸಿಗಲ್ಲ. ಪ್ರಸ್ತಾವ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅಭಿಪ್ರಾಯ ಕೇಳಬೇಕು. ಜನ ವಿಚಾರ ಮಾಡಿ ಉತ್ತರಿಸುವಷ್ಟು ಕಾರಣಗಳನ್ನು ಮುಂದಿಡಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರಗಳನ್ನು ಪ್ರಾಮಾಣಿಕವಾಗಿ ಪರಿಶೀಲಿಸಿ ತೀರ್ಮಾನಿಸಬೇಕು. ಬಸ್ಸಿನ ವಿಷಯದಲ್ಲಿ ಮೊದಲನೆಯ ಸೂತ್ರವೇ ಕಷ್ಟದ್ದು. ಹೊಸ ನಿಲ್ದಾಣಗಳಿಗೆ ತಂಗುದಾಣ ಕಟ್ಟಿ, ಫಲಕಗಳನ್ನು ಬರೆಸಿ, ವೇಳಾಪಟ್ಟಿ ಅಚ್ಚು ಹಾಕಿಸಿದ ಮೇಲೆ ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳಿದರೆ ಅದನ್ನು ಯಾರು ನಂಬುತ್ತಾರೆ?

2014ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ, ಹ್ಯಾರಿಂಗೆ ಪ್ರದೇಶದ ತೆರಿಗೆ ರಿಯಾಯಿತಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಈ ಸೂತ್ರಗಳನ್ನು ಎತ್ತಿಹಿಡಿದು ಒಂದು ಹೆಜ್ಜೆ ಮುಂದೆ ಹೋಯಿತು. ಆಡಳಿತ ಯಾವ ಪರ್ಯಾಯಗಳನ್ನು ಯೋಚಿಸಿ ಕೈಬಿಟ್ಟಿತು, ಏಕೆ ಕೈಬಿಟ್ಟಿತು ಎಂಬುದನ್ನೂ ಜನರಿಗೆ ತಿಳಿಸಬೇಕಿತ್ತು ಎಂದು ಅದು ಹೇಳಿತು. ಇದು ಮಾರ್ಗ ಬದಲಾವಣೆಗೆ ಹೇಳಿ ಮಾಡಿಸಿದಂಥ ಮಾತು. ‘ಹೊಸ ಮಾರ್ಗ ಬೇಕೇ ಬೇಡವೇ’ ಎಂಬ ಒಂದೇ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದು. ಆದರೆ ಸಾಧ್ಯತೆಗಳು ಎರಡೇ ಅಲ್ಲ. ದಟ್ಟಣೆ ಇಲ್ಲದ ಹೊತ್ತಿನಲ್ಲಿ ಮಾತ್ರ ಹಳೆಯ ರಸ್ತೆಯಲ್ಲಿ ಹೋಗಬಹುದು. ಒಳರಸ್ತೆಗೆ ಒಂದು ಚಿಕ್ಕ ಬಸ್ಸನ್ನು ಬೇರೆಯಾಗಿ ಓಡಿಸಿ ಮುಖ್ಯ ಮಾರ್ಗಕ್ಕೆ ಜೋಡಿಸಬಹುದು. ಹೊಸ ರಸ್ತೆಯಲ್ಲೇ ಉಳಿದು ಒಂದು ನಿಲ್ದಾಣವನ್ನು ಹೆಚ್ಚಿಸಬಹುದು, ಅಲ್ಲಿಗೆ ತಲುಪಲು ರಸ್ತೆ ದಾಟುವ ಸಿಗ್ನಲ್ ಒದಗಿಸಬಹುದು. ಒಂದು ಬಿಟ್ಟು ಒಂದು ಟ್ರಿಪ್ಪನ್ನು ಹಳೆಯ ದಾರಿಯಲ್ಲಿ ಕಳಿಸುವ ಉಪಾಯವನ್ನೂ ಕೆಲವರು ಸೂಚಿಸುತ್ತಾರೆ; ನನಗೆ ಅದು ಹಿಡಿಸದು, ಏಕೆಂದರೆ ಎರಡೂ ರಸ್ತೆಗಳಲ್ಲಿ ಬಸ್ಸುಗಳ ಅಂತರ ಇಮ್ಮಡಿಯಾಗುತ್ತದೆ, ಒಂದೇ ಸಂಖ್ಯೆಯ ಬಸ್ಸು ಎರಡು ದಾರಿ ಹಿಡಿಯುವುದರಿಂದ ಹೊಸಬರು ದಾರಿ ತಪ್ಪುತ್ತಾರೆ.

ಪ್ರಸ್ತಾವದ ಜೊತೆಗೆ ಕೊಡುವ ನಕ್ಷೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಬಸ್ ನಿಲ್ದಾಣಕ್ಕೆ ಜನ 400 ಮೀಟರ್ ನಡೆಯುತ್ತಾರೆ ಎಂಬ ಅಂದಾಜನ್ನು ಸಾರಿಗೆ ಯೋಜಕರು ಅನೇಕ ದೇಶಗಳಲ್ಲಿ ಬಳಸುತ್ತಾರೆ. ಹೊಸ ನಿಲ್ದಾಣವನ್ನು ಕೇಂದ್ರವಾಗಿಟ್ಟು 400 ಮೀಟರ್ ತ್ರಿಜ್ಯದ ವೃತ್ತ ಎಳೆದು, ಹಳೆಯ ರಸ್ತೆಯ ಮನೆಗಳು ಬಹುಪಾಲು ಅದರೊಳಗೇ ಬರುತ್ತವೆ ಎಂದು ತೋರಿಸುತ್ತಾರೆ. ಮನುಷ್ಯರು ವೃತ್ತದ ತ್ರಿಜ್ಯದ ಮೇಲೆ ನಡೆಯುವುದಿಲ್ಲ. ನಡುವೆ ರೈಲು ಹಳಿ ಇರಬಹುದು, ಎತ್ತರದ ಕಾಂಪೌಂಡ್ ಇರಬಹುದು, ದಾಟಲಾಗದ ರಸ್ತೆ ಇರಬಹುದು. ಸುತ್ತಿ ಬಳಸಿ ನಡೆದಾಗ 400 ಮೀಟರ್ ಎಂಬುದು 700 ಆಗುವುದು ಕಷ್ಟವೇನಲ್ಲ. ನಡಿಗೆಯ ವೇಗವೂ ಎಲ್ಲರದು ಒಂದೇ ಅಲ್ಲ. ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ 400 ಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಬಹುದು, ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ ಎಂಟು ನಿಮಿಷಕ್ಕೂ ಹೆಚ್ಚು ಬೇಕು. ನಕ್ಷೆ ಮಾಡಿದವರು ಒಮ್ಮೆ ಆ ದಾರಿಯನ್ನು ಕತ್ತಲಾದ ಮೇಲೆ ಕೈಯಲ್ಲಿ ಚೀಲ ಹಿಡಿದು ನಡೆದು ನೋಡಿದರೆ ವೃತ್ತದ ಆಕಾರ ಬದಲಾಗುವುದು ಖಂಡಿತ.

ಅಭಿಪ್ರಾಯ ಕೇಳುವ ಜಾಗ ಮತ್ತು ಹೊತ್ತಿನ ಬಗ್ಗೆಯೂ ಒಂದು ಮಾತು. ಬಸ್ಸಿನ ವಿಚಾರವಾಗಿ ಕರೆದ ಸಭೆಗೆ ಬಸ್ಸಿನಲ್ಲಿ ಬರಲು ಆಗದಂಥ ಜಾಗವನ್ನು ಆರಿಸುವ ಜಾಣತನ ಹಲವೆಡೆ ಕಾಣಸಿಗುತ್ತದೆ. ಸಭೆಯನ್ನು ಹಳೆಯ ರಸ್ತೆಯ ಆಸುಪಾಸಿನಲ್ಲೇ, ಕೆಲಸದಿಂದ ಮರಳುವ ಹೊತ್ತಿನಲ್ಲಿ ಒಮ್ಮೆ, ಹಗಲು ಒಮ್ಮೆ ಕರೆಯಬೇಕು. ಪ್ರಕಟಣೆಯನ್ನು ಬಸ್ಸು ಬಾರದ ನಿಲ್ದಾಣಗಳಲ್ಲೂ, ಆ ಭಾಗದ ಆಸ್ಪತ್ರೆ, ಶಾಲೆ, ಗ್ರಂಥಾಲಯಗಳಲ್ಲೂ ಹಾಕಬೇಕು. ಆನ್‌ಲೈನ್ ನಮೂನೆ ಇರಲಿ. ಆದರೆ ದೂರವಾಣಿಯಲ್ಲಿ ಹೇಳಿದ ಮಾತನ್ನು ಬರೆದುಕೊಳ್ಳುವ ಒಬ್ಬ ಸಿಬ್ಬಂದಿಯೂ ಇರಲಿ.

ಬಂದ ಉತ್ತರಗಳನ್ನು ಮತಗಳಂತೆ ಎಣಿಸುವ ಅಭ್ಯಾಸವನ್ನು ಬಿಡಬೇಕು. ಸಮಾಲೋಚನೆ ಚುನಾವಣೆಯಲ್ಲ. ಐದು ನಿಮಿಷ ಉಳಿಸಿಕೊಂಡವರು ಸಾವಿರಾರು ಮಂದಿ, ಅವರಲ್ಲಿ ನೂರು ಜನ ‘ಒಪ್ಪಿಗೆ’ ಎಂದು ಗುರುತು ಹಾಕುವುದು ಸುಲಭ. ಬಸ್ಸನ್ನು ಕಳೆದುಕೊಂಡವರು ಕೆಲವೇ ಮಂದಿ, ಅವರಲ್ಲಿ ಹತ್ತು ಜನ ವಿವರವಾಗಿ ಬರೆದರೆ ಅದೇ ಹೆಚ್ಚು. ಇದರ ಅರ್ಥ ವಿರೋಧಿಸಿದವರಿಗೆಲ್ಲ ತಲೆಬಾಗಬೇಕು ಎಂದಲ್ಲ. ಡಬ್ಲಿನ್ ನಗರದಲ್ಲಿ 2018ರಲ್ಲಿ ಇಡೀ ಬಸ್ ಜಾಲವನ್ನು ಮರುವಿನ್ಯಾಸಗೊಳಿಸುವ ಕರಡು ಹೊರಬಂದಾಗ ತೀವ್ರ ಆಕ್ಷೇಪಣೆಗಳು ಬಂದವು. 2019ರಲ್ಲಿ ಪರಿಷ್ಕರಿಸಿದ ಯೋಜನೆಯನ್ನು ಮತ್ತೆ ಜನರ ಮುಂದಿಟ್ಟು, 2020ರಲ್ಲಿ ಅಂತಿಮಗೊಳಿಸಿದರು. ಹ್ಯೂಸ್ಟನ್ನಿನಲ್ಲಿ ಇನ್ನೊಂದು ಬಗೆಯ ಸ್ಪಷ್ಟತೆ ಇತ್ತು. 2015ರಲ್ಲಿ ಜಾರಿಗೆ ಬಂದ ಹೊಸ ಜಾಲಕ್ಕಾಗಿ ಸಂಪನ್ಮೂಲದ ಶೇಕಡಾ 80 ಭಾಗವನ್ನು ಹೆಚ್ಚು ಜನ ಹತ್ತುವ ಮಾರ್ಗಗಳಿಗೂ, 20 ಭಾಗವನ್ನು ಜನ ಕಡಿಮೆಯಿದ್ದರೂ ಬಸ್ಸು ಬೇಕೇ ಬೇಕಾದ ಪ್ರದೇಶಗಳಿಗೂ ಮೀಸಲಿಡುವುದೆಂದು ಅಲ್ಲಿನ ಸಾರಿಗೆ ಮಂಡಳಿ ಮೊದಲೇ ನಿರ್ಧರಿಸಿತು. ಆ ಹಂಚಿಕೆಯನ್ನು ಒಪ್ಪದಿರಬಹುದು, ಆದರೆ ಯಾವುದರ ಬಗ್ಗೆ ವಾದಿಸುತ್ತಿದ್ದೇವೆ ಎಂಬುದಾದರೂ ತಿಳಿಯುತ್ತದೆ. ಎಷ್ಟೋ ಕಡೆ ಈ ನೀತಿಯ ಪ್ರಶ್ನೆಯನ್ನು ಮುಚ್ಚಿಟ್ಟು, ಒಂದು ರಸ್ತೆಯ ಜನರಿಗೂ ಇನ್ನೊಂದು ರಸ್ತೆಯ ಜನರಿಗೂ ಜಗಳ ಹಚ್ಚಿದಂತೆ ಸಮಾಲೋಚನೆ ನಡೆಯುತ್ತದೆ.

ನಿಮ್ಮ ಭಾಗದ ಮಾರ್ಗದ ಬಗ್ಗೆ ಇಂಥ ಪ್ರಕಟಣೆ ಹೊರಬಿದ್ದರೆ, ‘ತೀವ್ರವಾಗಿ ವಿರೋಧಿಸುತ್ತೇವೆ’ ಎಂಬ ಒಂದೇ ಸಾಲಿನ ಮನವಿಗೆ ನೂರು ಸಹಿ ಹಾಕಿಸುವುದಕ್ಕಿಂತ, ಯಾವ ನಿಲ್ದಾಣ, ದಿನದ ಯಾವ ಹೊತ್ತು, ಯಾವ ಕೆಲಸಕ್ಕೆ, ವಾರದಲ್ಲಿ ಎಷ್ಟು ಸಲ, ಬಸ್ಸು ತಿರುಗಿದ ಮೇಲೆ ಏನು ಮಾಡುತ್ತಿದ್ದೀರಿ ಎಂಬುದನ್ನು ಬರೆದ ಇಪ್ಪತ್ತು ಪತ್ರಗಳು ಹೆಚ್ಚು ಕೆಲಸ ಮಾಡುತ್ತವೆ. ಬಸ್ಸು ಹತ್ತುವುದನ್ನು ಬಿಟ್ಟ ನೆರೆಯವರನ್ನು ಕೇಳಿ, ಅವರ ಪರವಾಗಿ ಬರೆದುಕೊಡಿ. ತೀರ್ಮಾನ ಯಾವ ಕಡೆಗೇ ಆಗಲಿ, ಆದೇಶದಲ್ಲಿ ಮೂರು ಸಂಗತಿಗಳು ಇರಬೇಕೆಂದು ಅದೇ ಪತ್ರದಲ್ಲಿ ಕೇಳಿಕೊಳ್ಳಬಹುದು: ಮುಖ್ಯ ಆಕ್ಷೇಪಣೆಗಳಿಗೆ ಒಂದೊಂದಾಗಿ ಕೊಟ್ಟ ಉತ್ತರ, ಮರುಪರಿಶೀಲನೆಯ ದಿನಾಂಕ, ಮತ್ತು ಯಾವ ಪರಿಸ್ಥಿತಿಯಲ್ಲಿ ಹಳೆಯ ಮಾರ್ಗವನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ಮರಳಿ ತರಲಾಗುವುದು ಎಂಬ ವಿವರ. ಆ ಮರುಪರಿಶೀಲನೆಯನ್ನು ನಡೆಸಬೇಕಾದ ಅಧಿಕಾರಿಯ ಹುದ್ದೆಯನ್ನೂ ಆದೇಶದಲ್ಲೇ ನಮೂದಿಸುವಂತೆ ಒತ್ತಾಯಿಸಿ. ಹುದ್ದೆ ನಮೂದಾಗದ ಮರುಪರಿಶೀಲನೆ ಕಡತ ಬಿಟ್ಟು ಹೊರಬರುವುದು ಕಡಿಮೆ.

ನಮಸ್ಕಾರ.