ಆಟಕ್ಕುಂಟು, ಲೆಕ್ಕಕ್ಕಿಲ್ಲ: ಹಾರರ್ ಗೇಮ್‌ಗಳ ಅತಿ ಕೆಟ್ಟ ಭಯ

[ಕಪ್ಪು ಪರದೆ. ಓಡುವ ಹೆಜ್ಜೆ ಸದ್ದು ಮಾತ್ರ.]

ಕತ್ತಲ ಕಾರಿಡಾರ್. ಹಿಂದೆ ಒಂದು ದೆವ್ವ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತಿದೆ. ಈಗ ಹೇಳಿ, ಆ ದೆವ್ವಕ್ಕೆ ಇಡೀ ಜಗತ್ತಿನಲ್ಲಿ ಯಾರು ಮುಖ್ಯ?

ನೀವೇ.

ಅದಕ್ಕೆ ಬೇರೆ ಕೆಲಸವೇ ಇಲ್ಲ. ನೀವು ಗೇಮ್ ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಹೋದರೆ, ಎತ್ತಿದ ಕೈ ಎತ್ತಿದ ಹಾಗೇ ಕಾಯುತ್ತದೆ. ಭಯ ಆಗುತ್ತದೆ, ನಿಜ. ಆದರೆ ಇಷ್ಟು ಮರ್ಯಾದೆ ನಮಗೆ ಮನೆಯವರೂ ಕೊಡಲ್ಲ ಅಲ್ವಾ?

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ವಾರದಿಂದ ನನ್ನ ತಲೆ ತಿನ್ನುತ್ತಿದೆ. ಗೇಮ್ ಅಂದರೆ ಎಲ್ಲವೂ ಆಟಗಾರನ ಸುತ್ತ ತಿರುಗುವ ಜಗತ್ತು. ಹಾಗಿರುವಾಗ ‘ನೀನು ಲೆಕ್ಕಕ್ಕೇ ಇಲ್ಲ’ ಅನ್ನುವ ಭಯವನ್ನು ಗೇಮ್ ಹುಟ್ಟಿಸುವುದು ಹೇಗೆ?

ಮೂಲ ವಿಷಯ ಬೇಗ ಮುಗಿಸೋಣ. ಕಾಸ್ಮಿಕ್ ಹಾರರ್ ಅಂದ ಕೂಡಲೇ ಬರುವ ಹೆಸರು ಎಚ್. ಪಿ. ಲವ್‌ಕ್ರಾಫ್ಟ್. ಅಮೆರಿಕದ ಲೇಖಕ, 1937ರಲ್ಲಿ ತೀರಿಕೊಂಡ. ಅವನ ಕತೆಗಳ ಎಲುಬು ಇಷ್ಟೇ: ಈ ಬ್ರಹ್ಮಾಂಡಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ, ಪ್ರೀತಿಯೂ ಇಲ್ಲ, ನೀವು ಇದ್ದೀರಿ ಅನ್ನುವುದೇ ಅದಕ್ಕೆ ಗೊತ್ತಿಲ್ಲ.

ಚಿಕ್ಕವರಿದ್ದಾಗ ದೊಡ್ಡ ಮಕ್ಕಳ ಆಟಕ್ಕೆ ನಮ್ಮನ್ನೂ ಸೇರಿಸಿಕೊಳ್ಳುತ್ತಿದ್ದರು, ನೆನಪಿದೆಯಾ? ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಾವು ಜೀವ ಬಿಟ್ಟು ಓಡುತ್ತೇವೆ. ಬೆವರುತ್ತೇವೆ. ಸಿಕ್ಕಿಬಿದ್ದರೂ ಔಟ್ ಇಲ್ಲ, ತಪ್ಪಿಸಿಕೊಂಡರೂ ಗೆದ್ದ ಹಾಗಲ್ಲ. ಅದು ಗೊತ್ತಿಲ್ಲದಷ್ಟು ದಿನ ಖುಷಿ. ಒಂದು ದಿನ ಗೊತ್ತಾಗುತ್ತದೆ. ಇವತ್ತಿನ ವಿಡಿಯೋ ಪೂರ್ತಿ ಆ ಒಂದು ದಿನದ ಬಗ್ಗೆ.

ಈ ಕಗ್ಗಂಟು ಎಷ್ಟು ಹಳೆಯದು ಅಂತ ತೋರಿಸಲು ಒಬ್ಬ ಮನುಷ್ಯ ಸಾಕು. 1981ರಲ್ಲಿ ಸ್ಯಾಂಡಿ ಪೀಟರ್ಸನ್ ಲವ್‌ಕ್ರಾಫ್ಟ್ ಕತೆಗಳನ್ನೇ ಹಿಡಿದು ‘ಕಾಲ್ ಆಫ್ ಕ್ಥುಲ್ಹು’ ಅನ್ನುವ ಗೇಮ್ ಮಾಡಿದ. ಕಂಪ್ಯೂಟರ್ ಗೇಮ್ ಅಲ್ಲ. ಕಾಗದ, ಪೆನ್ಸಿಲ್, ದಾಳ ಹಿಡಿದು ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಗೇಮ್. ಅದರಲ್ಲಿ ನಿಮಗೆ ‘ಸ್ಯಾನಿಟಿ’ ಪಾಯಿಂಟ್ ಇರುತ್ತವೆ, ಅಂದರೆ ತಲೆ ಎಷ್ಟು ನೆಟ್ಟಗಿದೆ ಅನ್ನುವ ಲೆಕ್ಕ. ನೋಡಬಾರದ್ದನ್ನು ನೋಡಿದರೆ ಪಾಯಿಂಟ್ ಹೋಗುತ್ತವೆ. ಅದಕ್ಕಿಂತ ಮಜಾ ಇನ್ನೊಂದು ನಿಯಮ. ಆ ಕತೆಗಳ ಪುರಾತನ ಶಕ್ತಿಗಳ ಬಗ್ಗೆ ನಿಮಗೆ ಎಷ್ಟು ಗೊತ್ತೋ, ಅಷ್ಟನ್ನು 99ರಿಂದ ಕಳೆಯಬೇಕು. ಉಳಿದದ್ದೇ ನಿಮ್ಮ ಸ್ಯಾನಿಟಿಯ ಗರಿಷ್ಠ ಮಿತಿ. ಓದಿದಷ್ಟೂ ತಲೆ ಕೆಡುತ್ತದೆ ಅನ್ನುವುದಕ್ಕೆ ಕೊನೆಗೂ ಲಿಖಿತ ಪುರಾವೆ ಸಿಕ್ಕಿತು.

ಅದೇ ಪೀಟರ್ಸನ್ ಮುಂದೆ ಏನು ಮಾಡಿದ ಗೊತ್ತಾ? 1993ರ ‘ಡೂಮ್’ಗೆ ಹಲವು ಲೆವೆಲ್ ಕಟ್ಟಿದ. ನರಕದ ರಾಕ್ಷಸರನ್ನು ಶಾಟ್‌ಗನ್‌ನಲ್ಲಿ ಢಂ ಢಂ ಅಂತ ಉರುಳಿಸುವ ಗೇಮ್! ನೋಡಿದರೇ ಹುಚ್ಚು ಹಿಡಿಯುತ್ತದೆ ಎಂದವನೇ, ನೋಡಿದರೆ ಗುಂಡು ಹೊಡಿ ಅನ್ನುವ ಕಡೆ ಹೋದ. ನಾನು ಅವನನ್ನು ಬೈಯಲ್ಲ. ಕೈಗೆ ಬಟನ್ ಕೊಟ್ಟ ಮೇಲೆ ಅದನ್ನು ಒತ್ತಬೇಡ ಅನ್ನುವುದು ಕಷ್ಟ.

ಗನ್ ಕಿತ್ತುಕೊಂಡರೆ ಸಾಕಾ? 2010ರ ‘ಆಮ್ನೀಸಿಯಾ’ ಅದನ್ನೇ ಮಾಡಿತು. ಆಯುಧವಿಲ್ಲ, ಕತ್ತಲಲ್ಲಿ ನಿಂತರೂ ತಲೆ ಕೆಡುತ್ತದೆ. ಚೆನ್ನಾಗಿ ಹೆದರಿಸುತ್ತದೆ. ಆದರೆ ಅಲ್ಲೂ ನಿಮ್ಮನ್ನು ಹುಡುಕಿಕೊಂಡು ಬರುವವರಿದ್ದಾರೆ. ಮತ್ತೆ ಅದೇ ಮರ್ಯಾದೆ. 2002ರ ‘ಎಟರ್ನಲ್ ಡಾರ್ಕ್‌ನೆಸ್’ ಪಾತ್ರದ ತಲೆ ಕೆಟ್ಟಾಗ ಟಿವಿ ವಾಲ್ಯೂಮ್ ತಾನೇ ಇಳಿದ ಹಾಗೆ, ನೀವು ಉಳಿಸಿಟ್ಟ ಆಟವೇ ಅಳಿಸಿಹೋದ ಹಾಗೆ ನಾಟಕ ಆಡಿತು. ನಿಂಟೆಂಡೊ ಆ ಹುಚ್ಚಿನ ವ್ಯವಸ್ಥೆಗೆ ಪೇಟೆಂಟ್ ಕೂಡ ತೆಗೆದುಕೊಂಡಿತು. ಹುಚ್ಚಿಗೂ ಪೇಟೆಂಟ್!

[ಪರದೆ ಮೇಲೆ: ಇಲ್ಲಿಂದ ಮುಂದೆ ಕತೆಯ ಗುಟ್ಟು ಬಯಲಾಗುತ್ತದೆ]

ಈಗ ನನ್ನ ಅಚ್ಚುಮೆಚ್ಚಿನ ಉದಾಹರಣೆ. ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಬೈಕೊಳ್ಳಬೇಡಿ.

ಫ್ರಮ್‌ಸಾಫ್ಟ್‌ವೇರ್ ಕಂಪನಿಯ ‘ಬ್ಲಡ್‌ಬೋರ್ನ್’ ಗೇಮ್, 2015. ಯಾರ್ನಮ್ ಅನ್ನುವ ಊರು. ಶುರುವಿನಲ್ಲಿ ತೋಳಮನುಷ್ಯರು, ಪಂಜು ಹಿಡಿದ ಜನ. ಮಾಮೂಲಿ ಹಾರರ್. ಆದರೆ ಪರದೆಯ ಮೂಲೆಯಲ್ಲಿ ಒಂದು ಕಣ್ಣಿನ ಚಿಹ್ನೆ, ಪಕ್ಕದಲ್ಲಿ ಒಂದು ಸಂಖ್ಯೆ. ಅದರ ಹೆಸರು ‘ಇನ್‌ಸೈಟ್’. ದೊಡ್ಡ ಬಾಸ್, ಅಂದರೆ ದಾರಿ ಕಾಯುವ ಭಾರಿ ಶತ್ರು, ಎದುರಾದರೆ ಏರುತ್ತದೆ, ಕೊಂದರೆ ಮತ್ತೂ ಏರುತ್ತದೆ. ಗೇಮ್‌ನಲ್ಲಿ ಸಂಖ್ಯೆ ಏರಿದರೆ ನಮಗೆ ಖುಷಿ. ನಾವು ಹಾಗೇ ಬೆಳೆದವರು.

ಮೊದಲ ಇನ್‌ಸೈಟ್ ಸಿಕ್ಕಾಗ, ಅಲ್ಲಿಯವರೆಗೆ ಸುಮ್ನೆ ಒರಗಿ ಕೂತಿದ್ದ ಗೊಂಬೆ ಎದ್ದು ಮಾತಾಡುತ್ತದೆ. ಮುಂದೆ ಕೆಲವು ಶತ್ರುಗಳು ಹೊಸ ದಾಳಿ ಕಲಿಯುತ್ತಾರೆ. ಎಲ್ಲೋ ಮಗು ಅಳುವ ಸದ್ದು ಕೇಳುತ್ತದೆ. ಇದರ ನಡುವೆ ಊರಿನ ಕ್ಯಾಥೆಡ್ರಲ್ ವಾರ್ಡ್ ಅನ್ನುವ ಭಾಗದ ಒಂದು ಜಾಗದಲ್ಲಿ, ಖಾಲಿ ಗಾಳಿಯಿಂದ ಏನೋ ನಿಮ್ಮನ್ನು ಹಿಡಿದು ಮೇಲಕ್ಕೆತ್ತುತ್ತದೆ. ಬಹಳ ಸಲ ಅಲ್ಲೇ ಸಾವು. ನಾನು ಇದನ್ನು ಗೇಮ್‌ನ ಬಗ್, ಅಂದರೆ ತಾಂತ್ರಿಕ ದೋಷ, ಅಂದುಕೊಂಡಿದ್ದೆ. ಸಾಮಾಜಿಕ ಜಾಲತಾಣದಲ್ಲಿ ಬೈದೂ ಇದ್ದೆ.

ಇನ್‌ಸೈಟ್ 40 ದಾಟಲಿ. ಹತ್ತಾರು ಸಲ ಓಡಾಡಿದ ಅದೇ ಚರ್ಚ್ ಮುಂದೆ ನಿಂತು ತಲೆ ಎತ್ತಿ. ಗೋಡೆಗೆ ಕಟ್ಟಡದಷ್ಟೇ ದೊಡ್ಡದೊಂದು ಪ್ರಾಣಿ ಅಂಟಿಕೊಂಡು ಕೂತಿದೆ. ತುಂಬಾ ಕೈ, ತಲೆ ತುಂಬಾ ಕಣ್ಣು. ಹೆಸರು ಅಮಿಗ್ಡಲಾ. ಅದು ಈಗ ಬಂದದ್ದಲ್ಲ. ನೀವು ಆ ಮೆಟ್ಟಿಲ ಮೇಲೆ ಹೀರೋ ತರಹ ಕತ್ತಿ ಬೀಸುತ್ತಿದ್ದಾಗಲೂ ಅಲ್ಲೇ ಇತ್ತು. ಆ ಬಗ್? ಅದು ಇಂಥದ್ದೇ ಒಂದರ ಕೈ.

ಭಯ ಹುಟ್ಟಿದ್ದು ಮುಂದೆ ಆಗುವುದಕ್ಕಲ್ಲ. ಆಗಿಹೋದ ಇಪ್ಪತ್ತು ಗಂಟೆಯ ಆಟಕ್ಕೆ. ನಿಮ್ಮ ಗೆಲುವೆಲ್ಲ ಅದರ ಕಾಲ ಕೆಳಗೆ ನಡೆದಿತ್ತು. ಸ್ಯಾನಿಟಿ ಇಳಿಸುವ ಗೇಮ್‌ಗಳು ಇಲ್ಲದ್ದನ್ನು ತೋರಿಸಿ ಹೆದರಿಸುತ್ತವೆ. ಇದು ಇದ್ದದ್ದನ್ನು ತೋರಿಸಿತು.

ಒಂದು ತಕರಾರು ನನಗಿದೆ. ಕೊನೆಗೆ ಈ ದೇವರಂಥವುಗಳನ್ನೂ ಕೊಡಲಿಯಲ್ಲಿ ಕಡಿದು ಹಾಕಬಹುದು. ಎಲ್ಲ ಸುತ್ತಿ ಡೂಮ್‌ಗೇ ಬಂದು ನಿಂತೆವು.

ಹಾಗಾಗಿ ‘ಸೋಮಾ’. ಇದೂ 2015, ಆಮ್ನೀಸಿಯಾ ಮಾಡಿದ ಫ್ರಿಕ್ಷನಲ್ ಗೇಮ್ಸ್‌ನದ್ದೇ. ಟೊರಾಂಟೊದ ಸೈಮನ್ 2015ರಲ್ಲಿ ಮೆದುಳಿನ ಸ್ಕ್ಯಾನ್‌ಗೆ ಕೂರುತ್ತಾನೆ. ಕಣ್ಣು ಬಿಟ್ಟರೆ 2104, ಸಮುದ್ರದ ತಳ. ಧೂಮಕೇತು ಬಡಿದು ಮೇಲಿನ ಜಗತ್ತು ಮುಗಿದಿದೆ. ಅಸಲಿ ಸೈಮನ್ ಎಂದೋ ಸತ್ತಿದ್ದಾನೆ. ನೀವು ಆಡುತ್ತಿರುವುದು ಅವನ ನಕಲು.

ಮಧ್ಯದಲ್ಲಿ ಅವನು ಇನ್ನೊಂದು ದೇಹಕ್ಕೆ ಹೋಗಬೇಕು. ಕ್ಯಾಮೆರಾ, ಅಂದರೆ ನಾವು ಆಟ ನೋಡುವ ಕಣ್ಣು, ಹೊಸ ದೇಹಕ್ಕೆ ಹಾರುತ್ತದೆ. ಪಕ್ಕದ ಕುರ್ಚಿಯಲ್ಲಿ ಹಳೆಯ ಸೈಮನ್ ಇನ್ನೂ ಮಾತಾಡುತ್ತಿದ್ದಾನೆ! ಅಯ್ಯೋ ಪಾಪ ಅಂದುಕೊಂಡು ಮುಂದೆ ಹೋಗುತ್ತೀರಿ. ಕೊನೆಯಲ್ಲಿ ಅದೇ ಕೆಲಸ ಮತ್ತೊಮ್ಮೆ: ಬಾಹ್ಯಾಕಾಶಕ್ಕೆ ಹಾರುವ ಆರ್ಕ್ ಅನ್ನುವ ಯಂತ್ರದ ಒಳಗೆ ಮನಸ್ಸನ್ನು ಕಾಪಿ ಮಾಡುವುದು. ಕೌಂಟ್‌ಡೌನ್ ಮುಗಿಯುತ್ತದೆ, ಆರ್ಕ್ ಹಾರುತ್ತದೆ. ಈ ಸಲ ಕ್ಯಾಮೆರಾ ಹಾರುವುದಿಲ್ಲ. ಕುರ್ಚಿಯಲ್ಲೇ ಉಳಿದಿರಿ. ಹೊರಟವನು ಬೇರೆಯವನು.

ಇಲ್ಲಿ ಮೋಸ ಮಾಡಿದ್ದು ದೆವ್ವವಲ್ಲ, ಕ್ಯಾಮೆರಾ. ಗೇಮ್‌ನಲ್ಲಿ ಕ್ಯಾಮೆರಾ ಇದ್ದ ಕಡೆ ‘ನಾನು’ ಅಂತ ನಾವೇ ನಂಬಿದ್ದೆವು. ಹಳೆಯ ಸೈಮನ್‌ಗೆ ಪಾಪ ಅಂದೆವಲ್ಲ, ಆ ಪಾಪ ಈಗ ನಮ್ಮದು.

[ಗಡಿಯಾರದ ಚಿತ್ರ]

ಹೊತ್ತಾಯಿತು. ಉಳಿದದ್ದನ್ನು ಓಡಿಸಿಕೊಂಡು ಹೋಗುತ್ತೇನೆ.

2022ರ ‘ಐರನ್ ಲಂಗ್’, ಡೇವಿಡ್ ಸಿಮಾನ್‌ಸ್ಕಿ ಮಾಡಿದ್ದು, ಸುಮಾರು ಒಂದು ಗಂಟೆಯ ಆಟ. ನಕ್ಷತ್ರಗಳೂ ವಾಸಕ್ಕೆ ಯೋಗ್ಯ ಗ್ರಹಗಳೂ ಒಮ್ಮೆಲೇ ಮಾಯ. ಯಾಕೆ ಅಂತ ಯಾರೂ ಹೇಳುವುದಿಲ್ಲ. ನೀವು ರಕ್ತದ ಸಮುದ್ರದಲ್ಲಿ, ಕಿಟಕಿ ಮುಚ್ಚಿ ಬೆಸುಗೆ ಹಾಕಿದ ಸಬ್‌ಮರೀನ್ ಒಳಗೆ. ಹೊರಗೇನಿದೆ ನೋಡಬೇಕಾದರೆ ಬಟನ್ ಒತ್ತಿ ಒಂದು ಫೋಟೋ ತೆಗೆಯಬೇಕು, ಅಷ್ಟೇ. ರಾತ್ರಿ ಆಡಬೇಡಿ.

ಮತ್ತೆ ‘ಔಟರ್ ವೈಲ್ಡ್ಸ್’, 2019. ಹಾರರ್ ಅಲ್ಲ ಅಂತ ಜಗಳಕ್ಕೆ ಬರಬೇಡಿ, ಗೊತ್ತು. ಪ್ರತಿ 22 ನಿಮಿಷಕ್ಕೆ ಸೂರ್ಯ ಸ್ಫೋಟವಾಗಿ ನೀವು ಸಾಯುತ್ತೀರಿ, ಮತ್ತೆ ಮೊದಲಿಂದ. ಗೇಮ್ ಅಲ್ವಾ, ಇದನ್ನು ತಡೆಯಲು ದಾರಿ ಇರಲೇಬೇಕು ಅಂತ ನಾನು ಹುಡುಕಿದೆ. ಹಿಂದಿನ ಕಾಲದವರು ಸೂರ್ಯನನ್ನು ಸ್ಫೋಟಿಸಲೆಂದೇ ಕಟ್ಟಿದ ಸ್ಟೇಷನ್ ಒಂದಿದೆ. ಕಳ್ಳ ಸಿಕ್ಕ ಅಂದುಕೊಂಡು, ಹತ್ತು ಸಲ ಸುಟ್ಟುಹೋಗಿ, ಅಂತೂ ಒಳಗೆ ಹೊಕ್ಕೆ. ಅಲ್ಲಿ ಬರೆದಿತ್ತು: ಅವರ ಪ್ರಯೋಗ ಕೆಲಸವೇ ಮಾಡಿರಲಿಲ್ಲ. ಸೂರ್ಯನಿಗೆ ಸುಮ್ನೆ ವಯಸ್ಸಾಗಿತ್ತು.

ಅದನ್ನು ಓದುವಾಗಲೂ ಹೊರಗೆ ಸೂರ್ಯ ಕೆಂಪಗೆ ಉಬ್ಬುತ್ತಲೇ ಇತ್ತು. ನಾನು ಕಂಟ್ರೋಲರ್‌ನ ಒಂದೊಂದೇ ಬಟನ್ ಒತ್ತಿ ನೋಡಿದೆ. ಟಾರ್ಚ್ ಹತ್ತಿತು, ಆರಿತು.