ದೂರದ ಶಾಖೆ ಮತ್ತು ಮಿರ್ಚಿ ದಂಡ

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನವನು ಮೈಕ್ ಹಿಡಿದರೆ ಡೆಪಾಸಿಟ್ ಕೇಳ್ತಾನೆ ಅಂತ ಕೆಲವರು ಆಗಲೇ ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದೀರಿ. ಹೆದರಬೇಡಿ, ನಾನು ರಿಟೈರ್ ಆಗಿದ್ದೇನೆ. ಇವತ್ತು ಹೇಳೋದು ಶಾಖೆಗಳಲ್ಲಿ ನಡೆಯುತ್ತಿದ್ದ ತಮಾಷೆಗಳ ಬಗ್ಗೆ. ನನ್ನ ವಾದ ಇಷ್ಟೇ: ಆಫೀಸಿನ ಮಜಾ ಇರುವ ಪದ್ಧತಿಗಳು ಹೆಡ್ ಆಫೀಸಿನಲ್ಲಿ ಹುಟ್ಟೋದಿಲ್ಲ. ಸಂಜೆ ಆರರ ಮೇಲೆ ಹೋಗೋಕೆ ಜಾಗವೇ ಇಲ್ಲದ ಊರಲ್ಲಿ ಹುಟ್ಟುತ್ತವೆ.

ಅಂಥ ಊರಿಗೆ ಬ್ಯಾಂಕು ಹೋಗಿದ್ದಾದರೂ ಯಾಕೆ? 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. 1977ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತು. ಈಗಾಗಲೇ ಬ್ಯಾಂಕ್ ಇರುವ ಊರಲ್ಲಿ ಒಂದು ಶಾಖೆ ಬೇಕಾದರೆ, ಬ್ಯಾಂಕೇ ಇಲ್ಲದ ನಾಲ್ಕು ಊರಲ್ಲಿ ಬಾಗಿಲು ತೆರೆಯಬೇಕು. 1990ರವರೆಗೂ ಇದು ನಡೆಯಿತು. ಹಾಗಾಗಿ ಉಡುಪಿ, ಮಂಗಳೂರು ಕಡೆಯ ಹುಡುಗರು ಕುಚಲಕ್ಕಿ ಗಂಟು, ಮಿಡಿ ಉಪ್ಪಿನಕಾಯಿ ಭರಣಿ ಹೊತ್ತುಕೊಂಡು ರಾಯಚೂರು, ಬೀದರ್ ಕಡೆ ಹೊರಟರು. ಜಿಲ್ಲಾ ಕೇಂದ್ರದಲ್ಲಿ ಇಳಿದ ಮೇಲೆ ತಾಲೂಕಿಗೆ ಇನ್ನೊಂದು ಬಸ್ಸು, ಅಲ್ಲಿಂದ ವಸ್ತಿ ಬಸ್ಸು, ಅಂದರೆ ರಾತ್ರಿ ಹಳ್ಳಿಯಲ್ಲೇ ನಿಂತು ಬೆಳಿಗ್ಗೆ ವಾಪಸ್ ಹೊರಡುತ್ತಲ್ಲ, ಅದು. ಡ್ರೈವರು, ಕಂಡಕ್ಟರು ಹಾಸಿಗೆ ಬಿಚ್ಚುವ ಹೊತ್ತಿಗೆ ನಮ್ಮ ಹುಡುಗ ಬ್ಯಾಗು ಹಿಡಿದು ಮ್ಯಾನೇಜರ್ ಮನೆ ಯಾವುದು ಅಂತ ಕೇಳುತ್ತಾ ನಿಂತಿರುತ್ತಿದ್ದ.

ನಾನಿದ್ದ ಒಂದು ಶಾಖೆಯಲ್ಲಿ ರಜೆ ಮುಗಿಸಿ ಬಂದವರು ಹಾಜರಿ ಪುಸ್ತಕದ ಪಕ್ಕ ಒಂದು ಡಬ್ಬ ಇಡಬೇಕಿತ್ತು. ಡಬ್ಬ ಇಲ್ಲ, ಸಹಿ ಇಲ್ಲ. ಕರಾವಳಿಯವರದು ಹಲಸಿನ ಹಪ್ಪಳ, ಧಾರವಾಡದವರದು ಪೇಡೆ, ಗೋಕಾಕದವರದು ಕರದಂಟು. ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರಿಗೂ ಜವಾನರು ಕೈಮುಗಿದು, "ಸರ್, ಡಬ್ಬಿ?" ಅಂತ ಕೇಳಿದ್ದುಂಟು. ಸಾಹೇಬರು ನಗಲಿಲ್ಲ. ಮುಂದಿನ ಸಲ ಬಂದಾಗ ಮಾತ್ರ ಬ್ಯಾಗಿನಲ್ಲಿ ಕುಂದಾ ಇತ್ತು.

ದಸರಾ ಬಂದರೆ ಇನ್ನೊಂದು. ಆ ಕಡೆ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣ" ಅನ್ನುತ್ತಾರೆ, ಗೊತ್ತಲ್ವಾ. ನಮ್ಮದು ಬಂಗಾರದ ಮೇಲೆ ಸಾಲ ಕೊಡುವ ಬ್ಯಾಂಕು. ಹಬ್ಬದ ಮಾರನೇ ದಿನ ಊರವರು ಕೌಂಟರ್ ಮೇಲೆ ಬನ್ನಿ ಇಟ್ಟ ಕೂಡಲೇ ನಮ್ಮ ಅಪ್ರೈಸರ್, ಅಂದರೆ ಚಿನ್ನ ಪರೀಕ್ಷೆ ಮಾಡುವವರು, ಗಂಭೀರವಾಗಿ ಒರೆಗಲ್ಲು ತೆಗೆದು ಎಲೆಯನ್ನು ಉಜ್ಜುತ್ತಿದ್ದರು. ಕಲ್ಲಿನ ಮೇಲೆ ಹಸಿರು ಗೆರೆ. ಕಣ್ಣು ಕಿರಿದು ಮಾಡಿ ನೋಡಿ, "ಇಪ್ಪತ್ತೆರಡು ಕ್ಯಾರೆಟ್ ಅದ, ಸಾಲ ಕೊಡ್ರಿ" ಅಂತಿದ್ದರು. ಪ್ರತಿ ವರ್ಷ ಅದೇ ಜೋಕು. ಪ್ರತಿ ವರ್ಷ ಜನ ಅದನ್ನು ನೋಡೋಕೇ ಬರುತ್ತಿದ್ದರು.

ಆದರೆ ಎಲ್ಲಕ್ಕಿಂತ ದೊಡ್ಡದು ಮಿರ್ಚಿ ದಂಡ. ಕಂಪ್ಯೂಟರ್ ಇಲ್ಲದ ಕಾಲ. ಲೆಡ್ಜರ್‌ನಲ್ಲಿರುವ ಒಂದೊಂದು ಖಾತೆಯ ಬಾಕಿಯನ್ನೂ ಪಟ್ಟಿ ಮಾಡಿ ಕೂಡಿದರೆ ಜನರಲ್ ಲೆಡ್ಜರ್‌ಗೆ, ಅಂದರೆ ಶಾಖೆಯ ಒಟ್ಟು ಲೆಕ್ಕದ ಪುಸ್ತಕಕ್ಕೆ, ತಾಳೆ ಆಗಬೇಕು. ಆಗಲ್ಲ. ರಾತ್ರಿ ಹತ್ತಾದರೂ 270 ರೂಪಾಯಿ ಡಿಫರೆನ್ಸ್. ಹಳೇ ಕ್ಲರ್ಕುಗಳು ಮೊದಲು ಅದನ್ನು 9ರಿಂದ ಭಾಗಿಸುತ್ತಿದ್ದರು. ಶೇಷ ಉಳಿಯದಿದ್ದರೆ ಯಾರೋ ಅಂಕಿ ಅದಲುಬದಲು ಮಾಡಿರಬಹುದು, 580 ಅಂತ ಬರೆಯೋ ಕಡೆ 850 ಅಂತ. ಆಮೇಲೆ ಹುಡುಕಾಟ ಸ್ವಲ್ಪ ಸುಲಭ. ಸಿಕ್ಕಿದ ತಕ್ಷಣ ಎಲ್ಲರೂ ನೋಡುತ್ತಿದ್ದದ್ದು ಅಂಕಿಯನ್ನಲ್ಲ, ಅಕ್ಷರವನ್ನು. ಯಾರ ಕೈಬರಹವೋ ಅವರು ಬಸ್‌ಸ್ಟ್ಯಾಂಡಿಗೆ ಹೋಗಿ ಮಿರ್ಚಿ ಭಜಿ, ಮಂಡಕ್ಕಿ ತರಬೇಕು. ಮ್ಯಾನೇಜರ್ ಆದರೂ ಬಿಡುತ್ತಿರಲಿಲ್ಲ. ತಪ್ಪಿಗೆ ಮೆಮೋ ಕೊಟ್ಟಿದ್ದರೆ ಮನಸ್ತಾಪ ಆಗುತ್ತಿತ್ತು, ಭಜಿ ತರಿಸಿದ್ದಕ್ಕೆ ಯಾರೂ ಮುನಿಸಿಕೊಳ್ಳಲಿಲ್ಲ. ಭಜಿ ಅಂಗಡಿಯವನು ಮಾತ್ರ ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳು ಬಂದರೆ ಹಿಟ್ಟು ಜಾಸ್ತಿ ಕಲಸುತ್ತಿದ್ದ.

ಈಗ ಕೋರ್ ಬ್ಯಾಂಕಿಂಗ್, ಅಂದರೆ ಎಲ್ಲ ಶಾಖೆಗಳ ಲೆಕ್ಕವೂ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿ. ತಾಳೆ ನೋಡೋ ಕೆಲಸ ಮೆಷಿನ್‌ದು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಕೊಂಡವು, ಬೋರ್ಡುಗಳೂ ಬದಲಾದವು. ಹೊಸ ಹುಡುಗರು ಬಿಹಾರ, ಆಂಧ್ರದಿಂದ ನಮ್ಮ ಹಳ್ಳಿಗಳಿಗೆ ಬರುತ್ತಿದ್ದಾರೆ. ಅವರ ಡಬ್ಬಿಯಲ್ಲಿ ಅವರೂರಿನ ಸಿಹಿ ತಿಂಡಿ ಠೇಕುವಾ, ಪೂತರೇಕು ಇರುತ್ತೆ ಅಂತ ಕೇಳಿ ನನಗಂತೂ ಹೊಟ್ಟೆಕಿಚ್ಚಾಯಿತು. ನಮ್ಮ ಕಾಲದಲ್ಲಿ ಹಪ್ಪಳ ತಿಂದೇ ಸಾಕಾಗಿತ್ತು.

ನನ್ನದು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ. ಬಡ್ಡಿ ದರದ ಬಗ್ಗೆ ಬೇಡ.